ಫೈಬರ್ ದೋಣಿ: ಕೊಳ್ಳುವ ಮುಂಚೆ ತಿಳಿಯೋಣ



ಇವತ್ತಿನ ಮಾತು ದೋಣಿಯ ಬಗ್ಗೆ. "ಅದು ಗಂಡಸರ ವಿಷಯ, ನಮಗೇಕೆ?" ಅನ್ನಬೇಡಿ. ದೋಣಿಗೆ ಹಣ ಎಲ್ಲಿಂದ ಬರ್ತದೆ? ನಮ್ಮ ಬಳೆ ಅಡವಿಗೆ ಹೋಗ್ತದೆ. ಸಂಘದ ಸಾಲಕ್ಕೆ ನಮ್ಮ ಸಹಿ ಬೀಳ್ತದೆ. ಆ ದೋಣಿ ಹತ್ತಿ ಹೋಗುವವರು ನಮ್ಮ ಮನೆಯವರು. ಆದ್ದರಿಂದ ದೋಣಿ ಹೇಗೆ ಕಟ್ಟುತ್ತಾರೆ ಎಂದು ನಮಗೂ ಗೊತ್ತಿರಬೇಕು.

ಮರದ ದೋಣಿ

ಮುರ್ಡೇಶ್ವರ, ಭಟ್ಕಳ, ಹೊನ್ನಾವರ, ಕುಮಟಾ ಕಡೆ ಹಿಂದೆ ಮರದ್ದೇ ದೋಣಿ. ಮಾವು, ಹೆಬ್ಬಲಸಿನಂಥ ಮರದ ದಿಮ್ಮಿಯನ್ನು ಕೊರೆದು ಪಾತಿ ದೋಣಿ ಮಾಡುತ್ತಿದ್ದರು. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ವರ್ಷ ವರ್ಷ ಎಣ್ಣೆ ಬಳಿಯುತ್ತಿದ್ದರು. ಅದು ಒಳ್ಳೆಯ ದೋಣಿಯೇ. ಆದರೆ ಉಪ್ಪುನೀರಿನ ಹುಳು ಮರವನ್ನು ಕೊರೆಯುತ್ತದೆ. ಮಳೆಗೆ ಮರ ಕೊಳೆಯುತ್ತದೆ. ನೀರು ಕುಡಿದು ಭಾರವಾಗುತ್ತದೆ. ಈಗ ಅಷ್ಟು ದೊಡ್ಡ ಮರ ಸಿಗುವುದೂ ಕಷ್ಟ.

ಫೈಬರ್ ಅಂದರೆ ಏನು?

ಫೈಬರ್ ಅಂದರೆ ಗಾಜಿನ ನಾರು. ಗಾಜನ್ನು ಕರಗಿಸಿ ಕೂದಲಿಗಿಂತ ಸಣ್ಣ ಎಳೆ ತೆಗೆಯುತ್ತಾರೆ. ಆ ಎಳೆಗಳಿಂದ ಚಾಪೆ ಮಾಡುತ್ತಾರೆ. ಅಮೆರಿಕದಲ್ಲಿ 1940ರ ದಶಕದಲ್ಲೇ ಇದರಿಂದ ದೋಣಿ ಮಾಡಿದರು. ಕೊಚ್ಚಿಯಲ್ಲಿ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದೆ. ಅದು 1957ರಲ್ಲಿ ಶುರುವಾಯಿತು. ಮರದ ದೋಣಿಗೆ ಫೈಬರ್ ಹೊದಿಸುವ ಪ್ರಯೋಗವನ್ನೂ ಅಲ್ಲಿ ಮಾಡಿದ್ದಾರೆ.

ಕಟ್ಟುವ ಬಗೆ

ನಾವು ಪತ್ರೊಡೆ ಮಾಡೂದಿಲ್ಲವೇ? ಕೆಸುವಿನ ಎಲೆ, ಅದರ ಮೇಲೆ ಹಿಟ್ಟು. ಮತ್ತೆ ಎಲೆ, ಮತ್ತೆ ಹಿಟ್ಟು. ಫೈಬರ್ ದೋಣಿಯೂ ಹಾಗೆಯೇ.

ಮೊದಲು ದೋಣಿಯ ಆಕಾರದ ಅಚ್ಚು ಬೇಕು. ಇಡ್ಲಿ ತಟ್ಟೆಗೆ ಎಣ್ಣೆ ಸವರಿದ ಹಾಗೆ ಅಚ್ಚಿಗೆ ಮೇಣ ಸವರುತ್ತಾರೆ. ಆಮೇಲೆ ಬಣ್ಣದ ಪದರ. ಅದರ ಮೇಲೆ ಗಾಜಿನ ಚಾಪೆ. ಚಾಪೆಗೆ ರೆಸಿನ್ ಎಂಬ ಅಂಟು ದ್ರವ ಬಳಿಯುತ್ತಾರೆ. ರೋಲರ್ ಉರುಳಿಸಿ ಒಳಗಿನ ಗಾಳಿ ಹೊರಗೆ ಹಾಕುತ್ತಾರೆ. ಹೀಗೆ ಪದರದ ಮೇಲೆ ಪದರ.

ಹಾಲಿಗೆ ಹೆಪ್ಪು ಹಾಕಿದ ಹಾಗೆ ರೆಸಿನ್‌ಗೂ ಗಟ್ಟಿಯಾಗುವ ಮದ್ದು ಹಾಕಬೇಕು. ಕಡಿಮೆಯಾದರೆ ಸರಿಯಾಗಿ ಗಟ್ಟಿಯಾಗದು. ಹೆಚ್ಚಾದರೆ ಬಳಿಯುವ ಮೊದಲೇ ಗಟ್ಟಿಯಾಗಿಬಿಡ್ತದೆ. ಅಳತೆ ತಿಳಿದವರೇ ಮಾಡಬೇಕು. ರೆಸಿನ್‌ನ ವಾಸನೆ, ಗಾಜಿನ ಪುಡಿ ಎರಡೂ ಎದೆಗೆ ಕೆಟ್ಟದ್ದು. ಆ ಕೆಲಸದ ಹತ್ತಿರ ಮಕ್ಕಳನ್ನು ಬಿಡಬೇಡಿ.

ಲಾಭ ಏನು?

ಫೈಬರ್‌ಗೆ ಹುಳು ಹಿಡಿಯದು. ಅದು ಮರದ ಹಾಗೆ ಕೊಳೆಯದು. ದೋಣಿ ಹಗುರ. ಎಳೆದು ದಡಕ್ಕೆ ಹಾಕಲು ಸುಲಭ. ಹೊರಮೈ ನುಣುಪು, ಹಾಗಾಗಿ ಹುಟ್ಟು ಹಾಕುವ ಕೈಗೆ ಆಯಾಸ ಕಡಿಮೆ. ಇಂಜಿನ್ ಇದ್ದರೆ ಎಣ್ಣೆಯೂ ಕಡಿಮೆ ಸಾಕು. ಶಿರಾಲಿ ಬದಿಯ ವೆಂಕಟಾಪುರ ಹೊಳೆ, ಹೊನ್ನಾವರದ ಶರಾವತಿ, ಕುಮಟೆಯ ಅಘನಾಶಿನಿ ನೋಡಿ. ಇಳಿತದ ಹೊತ್ತಿಗೆ ಅಳಿವೆಯ ಬದಿಗಳಲ್ಲಿ ನೀರು ತೆಳು. ತಳ ಚಪ್ಪಟೆಯಾದ ಹಗುರ ದೋಣಿ ಅಲ್ಲಿಯೂ ತೇಲುತ್ತದೆ. ಬಲೆಯನ್ನು ನೀರಿನ ಸೆಳೆತಕ್ಕೆ ಬಿಟ್ಟು, ಅದರ ಜೊತೆಗೇ ಸಾಗಬಹುದು.

ಒಂದು ಮಾತು ಮರೆಯಬೇಡಿ

ಬರೀ ಮರದ ದೋಣಿ ಮಗುಚಿದರೂ ಸಾಮಾನ್ಯವಾಗಿ ತೇಲುತ್ತದೆ. ಹಿಡಿದುಕೊಂಡವರ ಜೀವ ಉಳಿಯಬಹುದು. ಗಾಜಿನ ನಾರು, ರೆಸಿನ್ ಎರಡೂ ನೀರಿಗಿಂತ ಭಾರ. ಫೈಬರ್ ದೋಣಿಯ ಒಳಗೆ ನೀರು ತುಂಬಿದರೆ ಅದು ಮುಳುಗುತ್ತದೆ. ಆದ್ದರಿಂದ ಅದರ ತುದಿಗಳಲ್ಲಿ, ಕೂರುವ ಹಲಗೆಯ ಕೆಳಗೆ ಮುಚ್ಚಿದ ಗೂಡು ಬೇಕು. ಗೂಡಿನಲ್ಲಿ ಹಗುರವಾದ ಗಟ್ಟಿ ಫೋಮ್ ತುಂಬಿರಬೇಕು. ಇದು ಹೊರಗಿನಿಂದ ಕಾಣುವುದಿಲ್ಲ. ಹಣ ಉಳಿಸಲು ಇದನ್ನೇ ಬಿಟ್ಟರೆ ನಷ್ಟ ಯಾರಿಗೆ?

2004ರ ಡಿಸೆಂಬರ್ 26ರಂದು ಸುನಾಮಿ ಬಂತು. ತಮಿಳುನಾಡಿನಲ್ಲಿ ಸಾವಿರಾರು ದೋಣಿ ಹೋದವು. ಆಮೇಲೆ ಬೇಗ ಬೇಗ ಫೈಬರ್ ದೋಣಿ ಕಟ್ಟಿಸಿ ಹಂಚಿದರು. ಅವಸರದಲ್ಲಿ ಕಟ್ಟಿದ ಕೆಲವು ದೋಣಿ ಗಟ್ಟಿ ಇಲ್ಲ ಎಂಬ ದೂರು ಬಂತು. ಅಚ್ಚು ಒಂದೇ ಆದರೂ ಒಳಗಿನ ಪದರ ಒಂದೇ ಅಲ್ಲ.

ಕೊಳ್ಳುವಾಗ ಕೇಳಿ

1. ಎಷ್ಟು ಪದರ ಚಾಪೆ ಹಾಕಿದ್ದೀರಿ?
2. ಫೋಮ್ ಗೂಡು ಎಲ್ಲೆಲ್ಲಿ ಇದೆ?
3. ಇದನ್ನೆಲ್ಲ ರಸೀದಿಯಲ್ಲಿ ಬರೆದುಕೊಡುತ್ತೀರಾ?
4. ಮೀನುಗಾರಿಕೆ ಇಲಾಖೆಯ ನೋಂದಣಿಗೆ ಬೇಕಾದ ಕಾಗದ ಕೊಡುತ್ತೀರಾ?

ದೋಣಿಯ ಮೈ ತಟ್ಟಿ ನೋಡಿ. ಮಡಕೆ ಕೊಳ್ಳುವಾಗ ತಟ್ಟುತ್ತೇವಲ್ಲ, ಹಾಗೆ. ಮಧ್ಯೆ ಒಂದು ಕಡೆ ಮಾತ್ರ ಸದ್ದು ಬೇರೆ ಬಂದರೆ ಪದರ ಬಿಟ್ಟಿರಬಹುದು. ಒಳಗೆ ಮುಟ್ಟಿ ನೋಡಿ. ತುಂಬಾ ಅಂಟಂಟಾಗಿದ್ದರೆ ಸರಿಯಾಗಿ ಗಟ್ಟಿಯಾಗಿಲ್ಲ. ಗೊತ್ತಿದ್ದವರನ್ನು ಕರೆದುಕೊಂಡು ಹೋಗಿ.

ಕೊಂಡ ಮೇಲೆ

ಕಲ್ಲಿಗೆ ತಾಗಿ ಬಿರುಕು ಬಿಟ್ಟರೆ ತಡ ಮಾಡಬೇಡಿ. ಬಿರುಕನ್ನು ಉಜ್ಜಿ, ಒಣಗಿಸಿ, ಹೊಸ ಚಾಪೆ ಅಂಟಿಸಿದರೆ ಸರಿಯಾಗ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಸಮುದ್ರದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದೆ. ಆಗ ದೋಣಿ ದಡದಲ್ಲಿದ್ದರೆ ಪೂರ್ತಿ ಪರೀಕ್ಷೆ ಮಾಡಿಸಿ. ಮಳೆಗೆ ಮುಂಚೆಯೇ ನೆರಳಲ್ಲಿ ಮುಚ್ಚಿಡಿ. ಹಳೆಯ ಫೈಬರನ್ನು ಸುಡಬೇಡಿ, ಹೊಗೆ ವಿಷ.

ಅಕ್ಕಂದಿರೇ, ನಾವೀಗ ಓದಲು ಕಲಿತಿದ್ದೇವೆ. ಸಾಲದ ಕಾಗದ, ದೋಣಿಯ ರಸೀದಿ ಎರಡನ್ನೂ ನಾವೇ ಓದೋಣ. ಓದಿದ ಮೇಲೆಯೇ ಸಹಿ ಹಾಕೋಣ.