ಕರುಳಿನ ಉರಿಯೂತ: ಗಣಿಯ ಹುಳು ಕಲಿಸಿದ ಪಾಠ

(ಬಂಗಾರಪೇಟೆಯಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕರುಳಿನ ಬಗ್ಗೆ ನಮ್ಮ ಭಾಷೆಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಪರರ ಕಷ್ಟ ಕಂಡರೆ ‘ಕರುಳು ಚುರ್ ಎಂದಿತು’ ಎನ್ನುತ್ತೇವೆ. ಅಸೂಯೆಗೆ ‘ಹೊಟ್ಟೆಯುರಿ’ ಎಂದು ಹೆಸರಿಟ್ಟಿದ್ದೇವೆ, ಮಕ್ಕಳನ್ನು ‘ಕರುಳಿನ ಕುಡಿ’ ಎನ್ನುತ್ತೇವೆ. ಮನಸ್ಸಿಗೂ ಹೊಟ್ಟೆಗೂ ನಂಟಿದೆ ಎಂಬುದನ್ನು ಹಳಬರು ಅನುಭವದಿಂದಲೇ ಕಂಡುಕೊಂಡಿದ್ದರು. ಆ ನಂಟು ಯಾವ ರಾಸಾಯನಿಕಗಳ ಮೂಲಕ ನಡೆಯುತ್ತದೆ, ಅದು ಕೆಟ್ಟರೆ ಏನಾಗುತ್ತದೆ ಎಂಬುದು ಇಂದಿನ ವಿಷಯ.

ಕೆಟ್ಟಾಗ ಬರುವ ಕಾಯಿಲೆಗಳಲ್ಲೊಂದು ಕರುಳಿನ ಉರಿಯೂತ. ವೈದ್ಯರು ಇದನ್ನು ಐಬಿಡಿ ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರ ಹುಣ್ಣಾಗುವುದು ಅಲ್ಸರೇಟಿವ್ ಕೊಲೈಟಿಸ್. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಂಡು ಕರುಳಿನ ಗೋಡೆಯ ಆಳಕ್ಕೆ ಇಳಿಯುವುದು ಕ್ರೋನ್ಸ್ ಕಾಯಿಲೆ. ರಕ್ತ ಬೆರೆತ ಭೇದಿ, ಹೊಟ್ಟೆನೋವು, ತೂಕ ಇಳಿಯುವುದು, ಸುಸ್ತು ಇದರ ಲಕ್ಷಣಗಳು. ಕೆಲವು ತಿಂಗಳು ಅಡಗಿದ್ದು ಮತ್ತೆ ತಲೆ ಎತ್ತುವುದು ಇದರ ಸ್ವಭಾವ. ಒಂದು ಕಾಲಕ್ಕೆ ಇದು ಪಾಶ್ಚಾತ್ಯರ ಕಾಯಿಲೆ ಎನಿಸಿಕೊಂಡಿತ್ತು. ಇಂದು ನಮ್ಮ ದೇಶದಲ್ಲೂ ಲಕ್ಷಾಂತರ ಮಂದಿಗೆ ಇದೆ.

2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಆಮೇಲೆ ಅಲ್ಲಿನ ಸಾವಿರಾರು ಕುಟುಂಬಗಳಿಗೆ ಅನ್ನದ ದಾರಿಯಾದದ್ದು ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲು. ಕಾಲಿಡಲು ಜಾಗವಿಲ್ಲದ ಆ ಬೋಗಿಯಲ್ಲಿ ದಿನಕ್ಕೆ ಹತ್ತು ಸಲ ಶೌಚಕ್ಕೆ ಹೋಗಬೇಕಾದವರ ಪಾಡನ್ನು ಊಹಿಸಿಕೊಳ್ಳಿ. ಅಂಥವರು ಬೆಳಗ್ಗೆ ಏನೂ ತಿನ್ನದೆ ಹೊರಡುತ್ತಾರೆ. ಕೊನೆಗೆ ಕೆಲಸವನ್ನೇ ಬಿಡುತ್ತಾರೆ. ಮನೆಯಲ್ಲಿ ಸಿಗುವ ಮಾತು: ‘ಎಲ್ಲ ಮನಸ್ಸಿಗೆ ಹಚ್ಚಿಕೊಳ್ಳುತ್ತೀಯ, ಅದಕ್ಕೇ ಹೀಗೆ.’ ಈ ಮಾತು ಎಷ್ಟು ನಿಜ, ಎಷ್ಟು ಅನ್ಯಾಯ ಎಂದು ತಿಳಿಯಲು ಕರುಳಿನ ಒಳಗೆ ಇಣುಕಬೇಕು.

ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಮಿದುಳಿನ ಅಪ್ಪಣೆಗೆ ಕಾಯದೆ ಅವು ತಮ್ಮಷ್ಟಕ್ಕೆ ಆಡಳಿತ ನಡೆಸಬಲ್ಲವು. ಒಂದು ನರಕೋಶದ ಸುದ್ದಿ ಮುಂದಿನ ಕೋಶಕ್ಕೆ ಹೆಚ್ಚಾಗಿ ರಾಸಾಯನಿಕದ ರೂಪದಲ್ಲಿ ದಾಟುತ್ತದೆ. ಈ ಸಂದೇಶವಾಹಕಗಳಲ್ಲಿ ಮೂರನ್ನು ಹೆಸರಿಸುತ್ತೇನೆ. ಮೊದಲನೆಯದು ಅಸಿಟೈಲ್‌ಕೋಲಿನ್. ಇದು ಕರುಳಿನ ಸ್ನಾಯುಗಳನ್ನು ಹಿಂಡಿಸುತ್ತದೆ, ಲೋಳೆಯನ್ನೂ ನೀರನ್ನೂ ಸುರಿಸುತ್ತದೆ. ಎರಡನೆಯದು ಸೆರೊಟೊನಿನ್. ಮಿದುಳಿನ ರಾಸಾಯನಿಕವೆಂದು ಹೆಸರಾದರೂ ದೇಹದ ಸೆರೊಟೊನಿನ್‌ನಲ್ಲಿ ನೂರಕ್ಕೆ ತೊಂಬತ್ತರಷ್ಟು ಇರುವುದು ಕರುಳಿನಲ್ಲೇ. ಮೂರನೆಯದು ‘ಪಿ’ ವಸ್ತು. 1931ರಲ್ಲಿ ವಾನ್ ಆಯ್ಲರ್ ಮತ್ತು ಗ್ಯಾಡಮ್ ಇದನ್ನು ಕುದುರೆಯ ಮಿದುಳು ಮತ್ತು ಕರುಳಿನಲ್ಲಿ ಕಂಡುಹಿಡಿದರು. ನೋವಿನ ನರಗಳ ತುದಿಯಿಂದ ಇದು ಹೊರಬಿದ್ದರೆ ರಕ್ತನಾಳಗಳು ಹಿಗ್ಗುತ್ತವೆ, ಉರಿಯೂತ ಕೆರಳುತ್ತದೆ.

ಸಂದೇಶ ಕಳಿಸಿದರೆ ಸಾಲದು, ಅದನ್ನು ಅಳಿಸಲೂ ಬೇಕು. ಅಲ್ಲಿ ಬರುವುದು ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು. ನಾವು ಬಲ್ಲ ಕಿಣ್ವಗಳು ಅನ್ನ, ಬೇಳೆ ಜೀರ್ಣಿಸುವಂಥವು. ಅವುಗಳ ಬಂಧುಗಳೇ ನರಸಂದೇಶಗಳನ್ನೂ ತುಂಡರಿಸುತ್ತವೆ. ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವ ಬೇರೆ, ‘ಪಿ’ ವಸ್ತುವನ್ನು ಕತ್ತರಿಸುವುದು ಬೇರೆ.

ಕಾಯಿಲೆಯ ಕರುಳಿನಲ್ಲಿ ಈ ಲೆಕ್ಕ ತಪ್ಪುತ್ತದೆ. ರೋಗಾಣುಗಳ ಮೇಲೆ ಯುದ್ಧಕ್ಕೆ ಬಂದ ಬಿಳಿ ರಕ್ತಕಣಗಳು ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ಸುರಿಯುತ್ತವೆ. ಅವನ್ನು ಹಿಡಿತದಲ್ಲಿಡುವ ವಸ್ತುಗಳು ಸಾಲದಾದಾಗ ಆ ಕಿಣ್ವಗಳು ಕರುಳಿನ ಗೋಡೆಯನ್ನೇ ಕೊರೆಯುತ್ತವೆ. ಕೆಲವು ಕಿಣ್ವಗಳು ನರಗಳ ತುದಿಯನ್ನು ಕೆಣಕುತ್ತವೆ, ನರ ‘ಪಿ’ ವಸ್ತುವನ್ನು ಸುರಿಸುತ್ತದೆ, ಅದು ಮತ್ತಷ್ಟು ಬಿಳಿ ಕಣಗಳನ್ನು ಕರೆಯುತ್ತದೆ. ಕೆಲಸ ಮುಗಿಸಿದ ಸೆರೊಟೊನಿನ್ ಅನ್ನು ಹಿಂದಕ್ಕೆ ಎಳೆದುಕೊಳ್ಳುವ ವ್ಯವಸ್ಥೆಯೂ ಇಂಥ ಕರುಳಿನಲ್ಲಿ ಸೊರಗಿರುವುದು ಕಂಡುಬಂದಿದೆ. ಗಾಣದ ಎತ್ತಿನಂತೆ ಈ ಚಕ್ರ ಸುತ್ತುತ್ತಲೇ ಇರುತ್ತದೆ.

ಈ ಚಕ್ರದೊಳಗೆ ಕೈಹಾಕುವುದನ್ನು ವೈದ್ಯರಿಗಿಂತ ಬಹಳ ಮೊದಲೇ ಕಲಿತ ಒಂದು ಜೀವಿ ಇದೆ. ಅದೇ ಕೊಕ್ಕೆಹುಳು. ಗಣಿಗಳ ಇತಿಹಾಸದಲ್ಲಿ ಅದರದು ದೊಡ್ಡ ಅಧ್ಯಾಯ. 1880ರಲ್ಲಿ ಆಲ್ಪ್ಸ್ ಪರ್ವತದ ಸೇಂಟ್ ಗೊಥಾರ್ಡ್ ಸುರಂಗ ತೋಡುತ್ತಿದ್ದ ಕೂಲಿಗಳು ರಕ್ತಹೀನರಾಗಿ ಬಿದ್ದದ್ದು ಈ ಹುಳುವಿನಿಂದ. 1902ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಡಾಲ್ಕೋತ್ ತವರದ ಗಣಿಯಲ್ಲೂ ಅದೇ ರೋಗ ಪತ್ತೆಯಾಯಿತು. ಬಿಸಿ ದೇಶಗಳ ಗಣಿಗಳಿಂದ ಮರಳಿದವರ ಮೂಲಕ ಅದು ಅಲ್ಲಿಗೆ ಬಂದಿರಬೇಕೆಂದು ನಂಬಲಾಯಿತು. ಕೆಜಿಎಫ್‌ಗೆ ಗಣಿ ಕೆಲಸ ಬಲ್ಲವರು ಬಂದದ್ದೂ ಅದೇ ಕಾರ್ನ್‌ವಾಲ್‌ನಿಂದ. ಇಲ್ಲಿನ ಕೂಲಿಗಳಲ್ಲಿ ಹೆಚ್ಚಿನವರು ಬಂದದ್ದು ಕೊಕ್ಕೆಹುಳು ವ್ಯಾಪಕವಾಗಿದ್ದ ಮದ್ರಾಸ್ ಪ್ರಾಂತ್ಯದ ಹಳ್ಳಿಗಳಿಂದ. ಬಿಸಿ, ತೇವ, ಬರಿಗಾಲು, ಬಯಲು ಮಲ ಇಷ್ಟಿದ್ದರೆ ಹುಳುವಿಗೆ ಬೇರೇನೂ ಬೇಡ. ಪಾದದ ಚರ್ಮ ಕೊರೆದು ಒಳನುಗ್ಗಿ, ಶ್ವಾಸಕೋಶ ಹಾದು, ಸಣ್ಣ ಕರುಳು ಸೇರಿ ರಕ್ತ ಹೀರುತ್ತದೆ. ಆ ಕಾಲದಲ್ಲಿ ಅದಕ್ಕೆ ಕೊಡುತ್ತಿದ್ದ ಔಷಧ ಥೈಮಾಲ್, ನಮ್ಮ ಅಡುಗೆಮನೆಯ ಓಮದ ಘಾಟಿಗೆ ಕಾರಣವಾದ ವಸ್ತು.

ಸೋಜಿಗವೆಂದರೆ, ಒಂದು ಸೆಂಟಿಮೀಟರ್ ಉದ್ದದ ಈ ಹುಳು ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ತಾನೇ ತಯಾರಿಸಿ ಕರುಳಿಗೆ ಸುರಿಯುತ್ತದೆ. ‘ಹಿಂಡು, ಲೋಳೆ ಸುರಿಸು, ಹೊರದಬ್ಬು’ ಎಂಬ ನರದ ಸಂದೇಶವನ್ನು ಅಳಿಸಿ ತಾನು ಉಳಿದುಕೊಳ್ಳಲು ಈ ಉಪಾಯ ಎಂಬುದು ವಿಜ್ಞಾನಿಗಳ ಊಹೆ. ಜೊತೆಗೆ ನಮ್ಮ ರೋಗನಿರೋಧಕ ಶಕ್ತಿಯನ್ನು ತಣ್ಣಗಾಗಿಸುವ ಬೇರೆ ವಸ್ತುಗಳೂ ಅದರ ಬತ್ತಳಿಕೆಯಲ್ಲಿವೆ.

ಹುಳುಗಳು ಮಾಯವಾದ ದೇಶಗಳಲ್ಲಿ ಕರುಳಿನ ಉರಿಯೂತ ಹೆಚ್ಚಿತು. ಹುಳುವಿನ ಸಹವಾಸ ತಪ್ಪಿದ ರೋಗನಿರೋಧಕ ಶಕ್ತಿ ತನ್ನ ಮನೆಗೇ ಬೆಂಕಿ ಇಡುತ್ತಿದೆಯೇ? 2005ರಲ್ಲಿ ಅಮೆರಿಕದ ಜೋಯಲ್ ವೈನ್‌ಸ್ಟಾಕ್ ಮತ್ತು ಸಂಗಡಿಗರು ರೋಗಿಗಳಿಗೆ ಹಂದಿಯ ಹುಳುವಿನ ಮೊಟ್ಟೆ ಕುಡಿಸಿ ಒಳ್ಳೆಯ ಫಲ ಕಂಡರು. ಆದರೆ ಮುಂದೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಆ ಫಲ ನಿಲ್ಲಲಿಲ್ಲ.

ಆದ್ದರಿಂದ ‘ಕೊಳಕೇ ಒಳ್ಳೆಯದಿತ್ತು’ ಎಂದು ಯಾರೂ ಮನೆಗೆ ಹೋಗಬಾರದು. ಈ ಮಾತನ್ನು ಕೆಜಿಎಫ್‌ನ ನೆರೆಯಲ್ಲಿ ನಿಂತು ಹೇಳಲೇಬೇಕು. ಅಲ್ಲಿನ ಗಣಿ ಕಾಲೊನಿಗಳ ಒಣ ಶೌಚಾಲಯಗಳನ್ನು ಕೈಯಿಂದ ಬಳಿದು ತಲೆಯ ಮೇಲೆ ಹೊತ್ತವರ ಕುಟುಂಬದಲ್ಲೇ 1966ರಲ್ಲಿ ಬೆಜವಾಡ ವಿಲ್ಸನ್ ಹುಟ್ಟಿದರು. ಆ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ನಮಗೆ ಬೇಕಾದದ್ದು ಹುಳುವಲ್ಲ, ಹುಳುವಿನ ವಿದ್ಯೆ.

ಆ ದಾರಿಯಲ್ಲಿ ವೈದ್ಯವಿಜ್ಞಾನ ಸ್ವಲ್ಪ ದೂರ ಸಾಗಿದೆ. ಸುಮಾರು 1940ರಲ್ಲಿ ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಕೀಲುನೋವಿಗಾಗಿ ರೂಪಿಸಿದ ಸಲ್ಫಸಲಜೀನ್ ಈ ಕಾಯಿಲೆಗೂ ಮದ್ದಾಯಿತು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಕಿಣ್ವವೇ ಈ ಮಾತ್ರೆಯನ್ನು ಒಡೆದು ಮದ್ದನ್ನು ಬಿಡುಗಡೆ ಮಾಡುತ್ತದೆ. ಟೊಫಾಸಿಟಿನಿಬ್ ಎಂಬ ಇತ್ತೀಚಿನ ಮಾತ್ರೆ ಉರಿಯೂತದ ಸಂದೇಶ ಸಾಗಿಸುವ ಒಂದು ಕಿಣ್ವವನ್ನು ತಡೆಯುತ್ತದೆ. ಮಿದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರಕ್ಕೆ ಉರಿಯೂತ ತಗ್ಗಿಸುವ ಶಕ್ತಿಯಿದೆ ಎಂದು 2000ದಲ್ಲಿ ಕೆವಿನ್ ಟ್ರೇಸಿ ತಂಡ ಪ್ರಾಣಿಗಳಲ್ಲಿ ತೋರಿಸಿತು. ಆ ನರಕ್ಕೆ ವಿದ್ಯುತ್ ಮಿಡಿತ ಕೊಡುವ ಚಿಕಿತ್ಸೆಯನ್ನು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಲಾಗಿದೆ.

ಇನ್ನು ನಮ್ಮ ಕೈಯಲ್ಲಿರುವ ಕೆಲಸ. ರಕ್ತ ಬೆರೆತ ಭೇದಿ ಬಂದರೆ ಮೂಲವ್ಯಾಧಿ, ಆಮಶಂಕೆ ಎಂದು ತಾವೇ ತೀರ್ಮಾನಿಸಿ ಅಂಗಡಿಯ ಮಾತ್ರೆ ನುಂಗುತ್ತಾ ತಿಂಗಳು ಕಳೆಯುವವರು ಬಹಳ. ಮಲಪರೀಕ್ಷೆ, ಕೊಲೊನೊಸ್ಕೋಪಿ ಮಾಡಿಸದೆ ಇದು ಗೊತ್ತಾಗುವುದಿಲ್ಲ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಕಾಯಿಲೆ ನೋಡಲು ಅವಳಿಜವಳಿ. ಗಣಿಯ ದೂಳಿನಿಂದ ಸಿಲಿಕೋಸಿಸ್ ಬಂದವರನ್ನು ಕ್ಷಯ ಬೇಗ ಹಿಡಿಯುತ್ತದಾದ್ದರಿಂದ ಹಳೆಯ ಗಣಿ ಕುಟುಂಬಗಳು ತಮ್ಮ ಮನೆಯ ಚರಿತ್ರೆಯನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಕ್ಷಯಕ್ಕೆ ಕ್ರೋನ್ಸ್ ಮದ್ದು ಕೊಟ್ಟರೆ ಪ್ರಾಣಕ್ಕೇ ಅಪಾಯ.

ಮನಸ್ಸಿಗೆ ಹಚ್ಚಿಕೊಂಡದ್ದರಿಂದ ಬಂತು ಎಂಬ ಮಾತಿಗೆ ಉತ್ತರ ಇಷ್ಟು. ಚಿಂತೆ ನರಗಳ ಮೂಲಕ ಉರಿಯನ್ನು ಏರಿಸಬಲ್ಲದು, ಅದು ನಿಜ. ಆದರೆ ಅದು ಕಾಯಿಲೆಯನ್ನು ಹುಟ್ಟಿಸುತ್ತದೆ ಎನ್ನಲು ಆಧಾರವಿಲ್ಲ. ಕಾಯಿಲೆಯೇ ಚಿಂತೆ ತರುತ್ತದೆ ಎಂಬುದಂತೂ ಅಷ್ಟೇ ನಿಜ. ರೈಲಿನ ಬಾಗಿಲ ಬಳಿ ಹೊಟ್ಟೆ ಹಿಡಿದು ನಿಂತವರಿಗೆ ನಮ್ಮ ಉಪದೇಶ ಬೇಡ. ದಾರಿ ಬಿಟ್ಟುಕೊಟ್ಟರೆ ಸಾಕು.