ಖುರ್ಚಿ ಕೊಟ್ಟರೆ ಸಾಲದು, ಕಾಯಕ ಕೊಡಿ
(ದೇವನಹಳ್ಳಿಯಲ್ಲಿ ನಡೆದ ಮಾಸಿಕ ಅನುಭಾವ ಗೋಷ್ಠಿಯ ಮಾತು)

ನಾನು ಡಾಕ್ಟರಲ್ಲ, ಸರ್ಕಾರಿ ಕೆಲಸದಿಂದ ನಿವೃತ್ತನಾದ ಇಂಜಿನಿಯರು. ಹಿರಿಯರ ಮನಸ್ಸಿನ ಆರೋಗ್ಯದ ಬಗ್ಗೆ ಮಾತಾಡಿ ಎಂದಾಗ ನನಗೆ ಮೊದಲು ನೆನಪಾದದ್ದು ಈ ತಾಲ್ಲೂಕೇ.

2008ರಲ್ಲಿ ಇಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಸುತ್ತ ರಸ್ತೆ, ಲೇಔಟು, ಕೈಗಾರಿಕೆ ಬಂದವು. ಜಮೀನು ಕೊಟ್ಟ ಮನೆಗಳಿಗೆ ಹಣವೂ ಬಂತು. ನಾನದನ್ನು ಹಳಿಯುವುದಿಲ್ಲ, ರಸ್ತೆ ಮಾಡುವವರ ಪೈಕಿಯವನೇ ನಾನೂ. ಆದರೆ ನಸುಕಿಗೇ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ, ದ್ರಾಕ್ಷಿ ಚಪ್ಪರ ನೋಡುತ್ತಿದ್ದ ಅಜ್ಜನಿಗೆ ಟೈಲ್ಸ್ ಹಾಕಿದ ಹೊಸ ಮನೆಯಲ್ಲಿ ಏನು ಕೆಲಸ? ಬೆಳಗಾದರೆ ಅವನಿಗಾಗಿ ಕಾಯುವ ಒಂದು ಹಸುವೂ ಇಲ್ಲ. ಊಟ, ಟಿವಿ, ಮಾತ್ರೆ. ಬಳಸದ ಕಾಲುವೆಯ ಗೇಟು ತುಕ್ಕು ಹಿಡಿದು ಬಿಗಿದುಕೊಳ್ಳುತ್ತದೆ, ಬಳಸಿದ್ದರಿಂದಲ್ಲ.

ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಉಳಿಸಿಕೊಳ್ಳಲು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ ಸ್ವಾಧೀನ ಕೈಬಿಡುವುದಾಗಿ ಹೇಳಿದರು. ಹೆಚ್ಚು ದರಕ್ಕಾಗಿ ಹಟ ಎಂದವರುಂಟು. ನನಗೆ ಹಾಗೆ ಕಾಣಲಿಲ್ಲ. ಕಾಯಕ ಹೋದ ಮೇಲೆ ಬ್ಯಾಂಕಿನಲ್ಲಿರುವ ಹಣ ಮನಸ್ಸನ್ನು ಹಿಡಿದು ನಿಲ್ಲಿಸುವುದಿಲ್ಲವೆಂದು ಆ ರೈತರು ಬಲ್ಲರು.

2017-18ರ ರಾಷ್ಟ್ರೀಯ ವೃದ್ಧಾಪ್ಯ ಅಧ್ಯಯನದಲ್ಲಿ, 60 ದಾಟಿದವರ ಪೈಕಿ ನೂರಕ್ಕೆ ಸುಮಾರು 8 ಜನರಲ್ಲಿ ಖಿನ್ನತೆಯ ಲಕ್ಷಣ ಕಂಡಿತು. ಖಿನ್ನತೆ ಎಂದು ವೈದ್ಯರಿಂದ ಗುರುತಿಸಲ್ಪಟ್ಟವರು ನೂರಕ್ಕೆ ಒಬ್ಬರೂ ಇರಲಿಲ್ಲ. ಉಳಿದವರನ್ನು ನಾವು 'ವಯಸ್ಸಾಯ್ತು' ಎಂದು ಮೂಲೆಗೆ ಬಿಟ್ಟಿದ್ದೇವೆ.

ಇನ್ನೊಂದು ಮಾತು, ಕಹಿಯಾದರೂ ಹೇಳುತ್ತೇನೆ. ಸೂತಕವನ್ನೇ ಒಪ್ಪದ ಧರ್ಮ ನಮ್ಮದು. ಆದರೂ ಗಂಡ ತೀರಿಕೊಂಡ ತಾಯಿಯನ್ನು ಮೊಮ್ಮಗಳ ಮದುವೆಯಲ್ಲಿ ಹಿಂದಿನ ಸಾಲಿಗೆ ಕಳಿಸುತ್ತೇವೆ. ಜೊತೆಗಾರ ಹೋದ ದುಃಖ ಒಂದು, ಮನೆಯವರೇ ಬೇಡವೆಂದ ದುಃಖ ಇನ್ನೊಂದು. ಎರಡನೆಯದಕ್ಕೆ ಕಾರಣ ನಾವೇ. ಅದಕ್ಕೆ ಮಾತ್ರೆಯಿಲ್ಲ.

ಅರವತ್ತಕ್ಕೆ ಅರಳು ಮರಳು ಎನ್ನುವ ಗಾದೆಯನ್ನು ನಂಬಿ ಕೂರಬೇಡಿ. ಎಷ್ಟೋ ಸಲ ಅದು ಕಿವಿಯ ದೋಷ. ಕೇಳಿಸದವರು ಮಾತಿಗೆ ಬರುವುದನ್ನೇ ಬಿಡುತ್ತಾರೆ, ಮನೆಯವರೂ ಮಾತಾಡಿಸುವುದನ್ನು ಬಿಡುತ್ತಾರೆ. ಮರೆವಿನ ಕಾಯಿಲೆ ಬರುವ ಸಾಧ್ಯತೆಯನ್ನು ಕಿವುಡು ಹೆಚ್ಚಿಸುತ್ತದೆ ಎಂಬುದು ಈಗ ವೈದ್ಯರು ಒಪ್ಪಿದ ಮಾತು. ನಾವು ಸಸ್ಯಾಹಾರಿಗಳು, ನಮ್ಮಲ್ಲಿ ಬಿ12 ವಿಟಮಿನ್ ಕೊರತೆ ಸಾಮಾನ್ಯ, ಅದರಿಂದಲೂ ಮರೆವು, ಮಂಕು ಬರುತ್ತದೆ. ಥೈರಾಯ್ಡ್ ಕೂಡ ಹಾಗೆಯೇ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ.

ಲಿಂಗಪೂಜೆ ಮನಸ್ಸನ್ನು ನಿಲ್ಲಿಸುತ್ತದೆ, ನಾನೂ ದಿನಾ ಮಾಡುತ್ತೇನೆ. ಆದರೆ ವಾರಗಟ್ಟಲೆ ನಿದ್ದೆ ಬಾರದವರಿಗೆ, ಬದುಕು ಸಾಕೆನ್ನುವವರಿಗೆ 'ಇನ್ನಷ್ಟು ಪೂಜೆ ಮಾಡಿ' ಎಂದಷ್ಟೇ ಹೇಳಿ ಕಳಿಸಬೇಡಿ. ಅದು ಭಕ್ತಿಯ ಕೊರತೆಯಲ್ಲ, ಕಾಯಿಲೆ. ಟೆಲಿ ಮಾನಸ್ ಸಂಖ್ಯೆ 14416. ಹಗಲಿರುಳು, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟು. ಸಭೆಗಳಲ್ಲಿ ನಮ್ಮನ್ನು ಮುಂದೆ ಕೂರಿಸುತ್ತೀರಿ, ಶಾಲು ಹೊದಿಸುತ್ತೀರಿ. ಶಾಲು ನಮ್ಮ ಮನೆಯಲ್ಲಿ ರಾಶಿ ಬಿದ್ದಿದೆ. ದಾಸೋಹದ ಲೆಕ್ಕ ಬರೆಯುವುದು, ಮಕ್ಕಳಿಗೆ ಗಣಿತ ಹೇಳಿಕೊಡುವುದು, ಮಠದ ತೋಟದ ಉಸ್ತುವಾರಿ, ಇವುಗಳಲ್ಲಿ ಯಾವುದನ್ನಾದರೂ ವಹಿಸಿಕೊಡಿ. ವಾರ, ಸಮಯ ಗೊತ್ತುಮಾಡಿ. ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಫೋನು ಮಾಡಿ ಕೇಳಿ.