ಹಿಂದಿರುಗಿ ಬಂದ ಒಬ್ಬ

ಉಪಕಾರಸ್ಮರಣೆಯನ್ನು ಮೆಚ್ಚದ ಧರ್ಮವಿಲ್ಲ. ಕೃತಘ್ನತೆಗೆ ಪ್ರಾಯಶ್ಚಿತ್ತವೇ ಇಲ್ಲವೆಂದು ನಮ್ಮ ಹಿರಿಯರೂ ನಂಬಿದ್ದರು. ಆದರೆ ಕ್ರೈಸ್ತ ಶ್ರದ್ಧೆಯಲ್ಲಿ ಕೃತಜ್ಞತೆಗಿರುವ ಸ್ಥಾನ ತುಸು ವಿಶಿಷ್ಟವಾದುದು. ಅದನ್ನರಿಯಲು ಲೂಕನ ಸುವಾರ್ತೆಯ 17ನೆಯ ಅಧ್ಯಾಯದ ಪ್ರಸಂಗವೊಂದನ್ನು ನೆನೆಯಬಹುದು.

ಯೇಸು ಯೆರೂಸಲೇಮಿಗೆ ಹೋಗುವ ದಾರಿ. ಸಮಾರ್ಯ ಗಲಿಲಾಯಗಳ ನಡುವಣ ಹಳ್ಳಿಯೊಂದರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲಿಯೇ ನಿಂತು ಕರುಣೆಗಾಗಿ ಮೊರೆಯಿಟ್ಟರು. ಯಾಜಕರಲ್ಲಿಗೆ ಹೋಗಿ ಮೈ ತೋರಿಸಿರೆಂದು ಯೇಸು ಹೇಳಿದನು. ಹೋಗುತ್ತಿರುವಾಗಲೇ ಅವರು ಶುದ್ಧರಾದರು. ಅವರಲ್ಲಿ ಒಬ್ಬ ಮಾತ್ರ ದೇವರನ್ನು ಗಟ್ಟಿಯಾಗಿ ಕೊಂಡಾಡುತ್ತ ಹಿಂದಿರುಗಿ ಬಂದು ಯೇಸುವಿನ ಪಾದಕ್ಕೆರಗಿದನು. ಅವನು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದನು.

ಆ ಒಂಬತ್ತು ಮಂದಿಯನ್ನು ದುಷ್ಟರೆನ್ನಲಾಗದು. ಅವರು ಹೇಳಿದಂತೆ ನಡೆದವರು, ಧರ್ಮಶಾಸ್ತ್ರವನ್ನು ಪಾಲಿಸಿದವರು. ಅವರಿಗೆ ಬಂದ ಆರೋಗ್ಯವನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ. ಅವರಿಗೆ ವರ ದೊರೆಯಿತು; ಹಿಂದಿರುಗಿದವನಿಗೆ ವರದೊಡನೆ ವರವಿತ್ತವನ ಸಾನ್ನಿಧ್ಯವೂ ದೊರೆಯಿತು. ದೇವರಿಗೆ ತೀರಿಸಿ ಮುಗಿಸಬಹುದಾದ ಋಣವಾದರೂ ಎಲ್ಲಿದೆ? ಕೊಟ್ಟವನ ಕಡೆಗೆ ಮುಖ ತಿರುಗಿಸುವುದೇ ಕೃತಜ್ಞತೆ. ಶ್ರದ್ಧೆಯೆಂಬುದೂ ಅದೇ ಅಲ್ಲವೆ?

ಪಡೆದವನು ಕೃತಜ್ಞನಾಗುವುದು ಸಹಜ. ಕಳೆದುಕೊಂಡವನು ಏನೆಂದು ಕೊಂಡಾಡಬೇಕು? ಇದು ಕಠಿಣವಾದ ಪ್ರಶ್ನೆ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ರೊಟ್ಟಿಯನ್ನು ಕೈಗೆತ್ತಿಕೊಂಡು, ದೇವರಿಗೆ ಸ್ತೋತ್ರ ಸಲ್ಲಿಸಿ, ಮುರಿದು ಶಿಷ್ಯರಿಗೆ ಹಂಚಿದನು. ಪ್ರಾಣವನ್ನೇ ಒಪ್ಪಿಸಲಿರುವಾಗ ಸಲ್ಲಿಸಿದ ಸ್ತೋತ್ರವದು. ಆ ಭೋಜನವನ್ನು ಸ್ಮರಿಸುವ ಆರಾಧನೆಗೆ ಗ್ರೀಕ್ ಭಾಷೆಯಲ್ಲಿ ‘ಯೂಖರಿಸ್ತಿಯ’ ಎಂದು ಹೆಸರು. ಆ ಪದದ ಅರ್ಥವೇ ಕೃತಜ್ಞತಾಸ್ತುತಿ.

ಹಾಗೆಂದು ಅಳುವವರ ಬಾಯಿ ಮುಚ್ಚಿಸುವ ಉಪದೇಶ ಇದಲ್ಲ. ಕೀರ್ತನೆಗಳ ಗ್ರಂಥದಲ್ಲಿ ಸ್ತುತಿಯೊಡನೆ ಗೋಳೂ ಇದೆ, ದೂರೂ ಇದೆ. ಯೋಹಾನನ ಸುವಾರ್ತೆಯಲ್ಲಿ ಯೇಸು ಗೆಳೆಯ ಲಾಜರನ ಸಾವಿಗೆ ಕಣ್ಣೀರಿಡುತ್ತಾನೆ. ಅವನ ಸಮಾಧಿಯ ಮುಂದೆ ನಿಂತು ತಂದೆಯಾದ ದೇವರಿಗೆ ಸ್ತೋತ್ರವನ್ನೂ ಸಲ್ಲಿಸುತ್ತಾನೆ. ಎಲ್ಲ ಸನ್ನಿವೇಶಗಳಲ್ಲಿಯೂ ಕೃತಜ್ಞರಾಗಿರಬೇಕೆಂದು ಥೆಸಲೋನಿಕದ ಸಭೆಗೆ ಪೌಲನು ಬರೆದುದನ್ನು ಈ ಬೆಳಕಿನಲ್ಲಿ ಓದಬೇಕು. ಸಾವನ್ನು ಒಳ್ಳೆಯದೆನ್ನಬೇಕಾಗಿಲ್ಲ, ಸಾವಿನ ನಡುವೆಯೂ ದೇವರಿಗೆ ಬೆನ್ನು ತೋರಿಸದಿದ್ದರೆ ಸಾಕು.

ಇದು ಬದುಕಿನಲ್ಲಿ ಸಾಧ್ಯವೆ? ಜರ್ಮನಿಯ ಸ್ಯಾಕ್ಸನಿಯಲ್ಲಿ ಐಲೆನ್‌ಬುರ್ಗ್ ಎಂಬ ಊರಿದೆ. ಮಾರ್ಟಿನ್ ರಿಂಕಾರ್ಟ್ ಅಲ್ಲಿ ಲೂಥರನ್ ಸಭೆಯ ಪಾಲಕನಾಗಿದ್ದನು. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಕೋಟೆಯೊಳಗಿನ ಆ ಊರು ನಿರಾಶ್ರಿತರಿಂದ ತುಂಬಿಹೋಯಿತು. 1637ರಲ್ಲಿ ಮಹಾಮಾರಿ ಬಂದೆರಗಿತು. ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಮಂದಿಯ ಶವಸಂಸ್ಕಾರವನ್ನು ಅವನು ನಡೆಸಬೇಕಾಯಿತು. ಅವನ ಮಡದಿಯೂ ಆ ವರ್ಷವೇ ತೀರಿಕೊಂಡಳು. ಜಗತ್ತಿನ ಅನೇಕ ಚರ್ಚುಗಳಲ್ಲಿ ಇಂದಿಗೂ ಹಾಡುವ ಕೃತಜ್ಞತಾಗೀತೆಯೊಂದನ್ನು ಆ ಯುದ್ಧದ ದಿನಗಳಲ್ಲಿ ರಚಿಸಿದವನು ಈತನೇ. ಮೊದಲಿಗೆ ಅದು ಮನೆಯವರು ಊಟದ ಹೊತ್ತಿನಲ್ಲಿ ಹೇಳಿಕೊಳ್ಳುವ ಪುಟ್ಟ ಪ್ರಾರ್ಥನೆಯಾಗಿತ್ತು.

ಆ ಮನೆಯ ಊಟದ ಹೊತ್ತನ್ನು ಊಹಿಸಿಕೊಳ್ಳಿರಿ. ಹೊರಗೆ ಸೈನ್ಯ, ಬೀದಿಯಲ್ಲಿ ಹಸಿದವರು. ಒಳಗೆ ಒಂದಿಷ್ಟು ರೊಟ್ಟಿಯ ಮುಂದೆ ತಲೆಬಾಗಿದ ಕೆಲವರು. ತಮಗೆ ಸಿಕ್ಕ ರೊಟ್ಟಿ ಹಕ್ಕಿನದಲ್ಲ, ವರವೆಂದು ತಿಳಿದವರು ಅದನ್ನು ಹಸಿದವರೊಡನೆ ಹಂಚಿಕೊಳ್ಳದೆ ಇರಲಾರರು. ಹಾಗೆ ಹಂಚಿಕೊಳ್ಳುವಾಗಲೇ ಕೃತಜ್ಞತೆಯ ಮಾತು ನಿಜವಾಗುತ್ತದೆ.

ನಮ್ಮಲ್ಲಿ ಹೆಚ್ಚಿನವರು ಆ ಒಂಬತ್ತು ಮಂದಿಯ ಜೊತೆಯಲ್ಲಿ ಅವಸರದಿಂದ ಮುಂದೆ ನಡೆದವರೇ. ಆದರೂ ಹಿಂದಿರುಗುವ ದಾರಿ ಇನ್ನೂ ತೆರೆದೇ ಇದೆ.